ಹದಿನೇಳು ವರ್ಷದ ಹುಡುಗರು ನಿಜವಾಗಲೂ ಹೀಗೆ ಮಾತಾಡ್ತಾರಾ?

ಪಿಜೆ_ಬಡಾವಣೆ_ಅಮ್ಮ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಮಗಳು ಸೆಕೆಂಡ್ ಪಿಯುಸಿ. ಪುಸ್ತಕ ಅಂದರೆ ಮುಖ ತಿರುಗಿಸುತ್ತಿದ್ದ ಹುಡುಗಿ ಈ ವರ್ಷ ಏನಾಯ್ತೋ ಏನೋ, ಒಂದರ ಹಿಂದೆ ಒಂದು ಇಂಗ್ಲಿಷ್ ಕಾದಂಬರಿ ಓದುತ್ತಿದ್ದಾಳೆ. ಎಲ್ಲಾ ಹದಿಹರೆಯದವರ ಕಥೆಗಳೇ, ಯಂಗ್ ಅಡಲ್ಟ್ ಅಂತಾರಲ್ಲ ಅವು. ನನಗೆ ಖುಷಿಯೇ. ಅವಳು ಏನು ಓದುತ್ತಾಳೆ ನೋಡೋಣ ಅಂತ ನಾನೂ ಒಂದು ತಗೊಂಡೆ. ಜಾನ್ ಗ್ರೀನ್ ಬರೆದ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್'. 2012ರದ್ದು, ಸಿನಿಮಾನೂ ಆಗಿದೆ, ನಿಮ್ಮಲ್ಲಿ ಜಾಸ್ತಿ ಜನ ನೋಡಿರಬಹುದು.

ಕಥೆ ಚೆನ್ನಾಗಿದೆ, ಕೊನೆಯಲ್ಲಿ ಅತ್ತೆ ಕೂಡ, ಅದರಲ್ಲಿ ಸುಳ್ಳಿಲ್ಲ. ಆದರೆ ಅದರಲ್ಲಿ ಒಬ್ಬ ಹುಡುಗ ಇದ್ದಾನೆ, ಹದಿನೇಳು ವರ್ಷ. ಸಿಗರೇಟು ಬಾಯಲ್ಲಿಟ್ಟುಕೊಳ್ಳುತ್ತಾನೆ, ಹಚ್ಚೋದಿಲ್ಲ. ಯಾಕಪ್ಪಾ ಅಂದರೆ ಅದೊಂದು ರೂಪಕವಂತೆ! ನನಗೆ ಅಲ್ಲೇ ನಗು ಬಂತು. ಜೋರಾಗೇ ಬಂತು. ಮಗಳು ಪಕ್ಕದ ರೂಮಿನಿಂದ ಬಂದು ಯಾಕೆ ನಗ್ತಿದೀಯ ಅಂದಳು, ಹೇಳಿದೆ. ಆವತ್ತಿಂದ ಮೂರು ದಿನ ನನ್ನ ಹತ್ತಿರ ಸರಿಯಾಗಿ ಮಾತಿಲ್ಲ. "ನಿಂಗೆ ಅರ್ಥ ಆಗಲ್ಲ ಬಿಡಮ್ಮ" ಅಂದಿದ್ದೇ ಕೊನೆ.

ನನ್ನ ಪ್ರಶ್ನೆ ಇಷ್ಟೇ. ಈ ಪುಸ್ತಕಗಳಲ್ಲಿ ಹುಡುಗ ಹುಡುಗಿಯರು ಬಾಯಿ ಬಿಟ್ಟರೆ ಸಾವು, ಬದುಕು, ಬ್ರಹ್ಮಾಂಡ. ಇಂಥವರು ನಿಜವಾಗಲೂ ಇರುತ್ತಾರಾ? ಅಥವಾ ಮೂವತ್ತು ದಾಟಿದ ಲೇಖಕ ತನ್ನ ಮಾತನ್ನೇ ಮಕ್ಕಳ ಬಾಯಿಗೆ ತುರುಕಿದ್ದಾನಾ? ನಮ್ಮ ಮನೆಯಲ್ಲಂತೂ ಹದಿನೇಳು ವರ್ಷದವಳು ದಿನಾ ಕೇಳೋ ದೊಡ್ಡ ಪ್ರಶ್ನೆ "ಚಾರ್ಜರ್ ಎಲ್ಲಿ" ಅನ್ನೋದು.

ಏಳುಸುತ್ತಿನ_ಕೋಟೆ

ಇರುತ್ತಾರೆ ಮೇಡಂ. ನಾನೇ ಇದ್ದೆ.

2003, ನಾನು ಫಸ್ಟ್ ಪಿಯುಸಿ, ಊರು ಚಿತ್ರದುರ್ಗ. ಲೈಬ್ರರಿಯಿಂದ ಒಂದು ದಪ್ಪ ತತ್ವಶಾಸ್ತ್ರದ ಪುಸ್ತಕ ತಂದಿದ್ದೆ. ಹನ್ನೊಂದನೇ ಪುಟ ದಾಟಲಿಲ್ಲ, ಅದು ಬೇರೆ ಮಾತು. ಆದರೆ ಹೊತ್ತುಕೊಂಡು ಓಡಾಡಿದ್ದು ಮಾತ್ರ ನಾಲ್ಕು ತಿಂಗಳು. ಸಂಜೆಯಾದರೆ ಕೋಟೆಗೆ ಹೋಗಿ ಏಕನಾಥೇಶ್ವರಿ ಗುಡಿ ದಾಟಿ ಒಂದು ಬಂಡೆ ಇದೆ, ಅದರ ಮೇಲೆ ಕೂರುತ್ತಿದ್ದೆ. ಪುಸ್ತಕ ತೊಡೆಯ ಮೇಲೆ, ಹೆಸರು ಮೇಲಕ್ಕೆ ಕಾಣೋ ಹಾಗೆ. ಕಣ್ಣು ಮುಳುಗೋ ಸೂರ್ಯನ ಕಡೆ. ನಮ್ಮ ಟ್ಯೂಷನ್ನಿನ ಒಬ್ಬ ಹುಡುಗಿ ಮನೆಯವರ ಜೊತೆ ವಾಕಿಂಗ್ ಬರುತ್ತಾಳೆ ಅಂತ ಯಾರೋ ಹೇಳಿದ್ದರು. ಅವಳು ಒಂದು ದಿನವೂ ಬರಲಿಲ್ಲ.

ಒಂದು ಸಂಜೆ ಶಾಲಾ ಪ್ರವಾಸದ ಬಸ್ಸು ಬಂದಿತ್ತು. ಮಕ್ಕಳನ್ನು ಸಾಲು ಮಾಡಿಕೊಂಡು ಬಂದ ಮೇಷ್ಟ್ರು ನನ್ನ ಹತ್ತಿರ ನಿಂತು "ತಮ್ಮಾ, ಓಬವ್ವನ ಕಿಂಡಿಗೆ ಯಾವ ಕಡೆ ಹೋಗ್ಬೇಕು?" ಅಂದರು. ನಾನು ಪುಸ್ತಕ ನಿಧಾನಕ್ಕೆ ಮುಚ್ಚಿ, ಆಕಾಶ ನೋಡಿ ಹೇಳಿದೆ: "ಎಲ್ಲ ದಾರಿಗಳೂ ಕೊನೆಗೆ ಒಂದು ಕಿಂಡಿಗೇ ಹೋಗುತ್ತವೆ ಸಾರ್."

ಮೇಷ್ಟ್ರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ, "ಅದು ಸರಿ. ಎಡಕ್ಕಾ ಬಲಕ್ಕಾ?"

ಹಿಂದೆ ನಿಂತಿದ್ದ ಐದನೇ ಕ್ಲಾಸಿನ ಮಕ್ಕಳೆಲ್ಲ ಗೊಳ್ ಅಂತ ನಕ್ಕವು. ಇಪ್ಪತ್ತು ವರ್ಷ ಆಯ್ತು, ಈಗಲೂ ರಾತ್ರಿ ಮಲಗಿದಾಗ ನೆನಪಾದರೆ ದಿಂಬಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇನೆ.

ಅದಕ್ಕೇ ನಾನು ಹೇಳೋದು, ಹುಡುಗರ ಬಿಲ್ಡಪ್ಪು ನೂರಕ್ಕೆ ನೂರು ನಿಜ. ಆ ಕಾದಂಬರಿಗಳಲ್ಲಿ ಸುಳ್ಳು ಅನಿಸೋದು ಆ ಹುಡುಗನಲ್ಲ, ಅವನ ಸುತ್ತ ಇರೋರು. ಅಲ್ಲಿ ಯಾರೂ ಎಡಕ್ಕಾ ಬಲಕ್ಕಾ ಅಂತ ಕೇಳೋದೇ ಇಲ್ಲ. ಒಬ್ಬ ದೊಡ್ಡ ಮಾತು ಆಡಿದರೆ ಇನ್ನೊಬ್ಬಳು ಅದಕ್ಕಿಂತ ದೊಡ್ಡದು ಆಡುತ್ತಾಳೆ. ಯಾರ ಮಾತೂ ತೊದಲೋದಿಲ್ಲ, ಯಾರ ಹೊಟ್ಟೆಯೂ ಗುರ್ ಅನ್ನೋದಿಲ್ಲ.

ಇದನ್ನು ಸರಿಯಾಗಿ ಬರೆದವರೂ ಇದ್ದಾರೆ. ಸ್ಯೂ ಟೌನ್‌ಸೆಂಡ್ ಅಂತ ಇಂಗ್ಲೆಂಡಿನ ಲೇಖಕಿ, 1982ರಲ್ಲಿ ಏಡ್ರಿಯನ್ ಮೋಲ್ ಅನ್ನೋ ಹುಡುಗನ ದಿನಚರಿ ಬರೆದರು. ಹದಿಮೂರೂ ಮುಕ್ಕಾಲು ವರ್ಷ ಅವನಿಗೆ. ತಾನು ದೊಡ್ಡ ಬುದ್ಧಿಜೀವಿ ಅಂತ ನಂಬಿದ್ದಾನೆ, ಬಿಬಿಸಿಗೆ ಪದ್ಯ ಕಳಿಸುತ್ತಾನೆ, ಅದೇ ಪುಟದಲ್ಲಿ ಗಲ್ಲದ ಮೇಲಿನ ಮೊಡವೆಗೆ ಗೋಳಾಡುತ್ತಾನೆ. ಅಪ್ಪ ಅಮ್ಮನ ಸಂಸಾರ ಕಣ್ಣೆದುರೇ ಮುರಿದು ಬೀಳುತ್ತಿದೆ, ಇವನಿಗೆ ಗೊತ್ತೇ ಆಗೋದಿಲ್ಲ, ಓದೋ ನಮಗೆ ಗೊತ್ತಾಗುತ್ತದೆ. ಓದಿದಾಗ ನನ್ನ ಬಂಡೆ ನೆನಪಾಯಿತು.

ಖಾರಾ_ಮಂಡಕ್ಕಿ

"ಎಲ್ಲ ದಾರಿಗಳೂ ಕೊನೆಗೆ ಒಂದು ಕಿಂಡಿಗೇ" 😂😂 ಅಣ್ಣಾ ಇದನ್ನ ಆಟೋ ಹಿಂದೆ ಬರೆಸ್ರೀ, ಚೆನ್ನಾಗಿರುತ್ತೆ.

ಕೆಂಪು_ಶಾಯಿ

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡೋಳು, ಹತ್ತೊಂಬತ್ತು ವರ್ಷದಿಂದ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡಿದ್ದೇನೆ, ಭಾಷಣ, ಚರ್ಚೆ, ಪ್ರಬಂಧ ಎಲ್ಲಾ. ಬಿಲ್ಡಪ್ಪು ನೋಡಬೇಕು ಅಂದರೆ ಅಲ್ಲಿಗೆ ಬನ್ನಿ. ಒಂಬತ್ತನೇ ಕ್ಲಾಸಿನ ಹುಡುಗ ಮೈಕ್ ಮುಂದೆ ನಿಂತು ಕಗ್ಗದ ಪದ್ಯ ಹೇಳಿ, ಎರಡು ಸೆಕೆಂಡ್ ಸುಮ್ಮನೆ ನಿಂತು ಸಭೆಯನ್ನು ನೋಡುತ್ತಾನೆ. ಆ ಎರಡು ಸೆಕೆಂಡ್ ನಾನು ಹೇಳಿಕೊಟ್ಟಿದ್ದಲ್ಲ. ಅವನೇ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದು. ಅರ್ಥ ಕೇಳಿದರೆ "ಮಿಸ್, ಅದು ಜೀವನದ ಬಗ್ಗೆ" ಅನ್ನುತ್ತಾನೆ.

ಬಿ.ಎಡ್ ಓದುವಾಗ ಒಂದು ವಿಷಯ ಓದಿದ್ದೆ, ಆವಾಗ ಪರೀಕ್ಷೆಗೆ ಮಾತ್ರ, ಈಗ ದಿನಾ ನೆನಪಾಗುತ್ತದೆ. ಡೇವಿಡ್ ಎಲ್ಕೈಂಡ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1967ರಲ್ಲಿ ಬರೆದಿದ್ದು. ಈ ವಯಸ್ಸಿನ ಮಕ್ಕಳಿಗೆ ಎರಡು ನಂಬಿಕೆ ಇರುತ್ತವಂತೆ. ಒಂದು, ಎಲ್ಲರೂ ಯಾವಾಗಲೂ ನನ್ನನ್ನೇ ನೋಡುತ್ತಿದ್ದಾರೆ ಅನ್ನೋದು. ಇನ್ನೊಂದು, ನನಗೆ ಆಗಿದ್ದು ಲೋಕದಲ್ಲಿ ಇನ್ಯಾರಿಗೂ ಆಗಿಲ್ಲ ಅನ್ನೋದು. ಕೋಟೆಯವರ ಬಂಡೆ, ಪುಸ್ತಕದ ಹೆಸರು ಮೇಲಕ್ಕೆ ಇಟ್ಟಿದ್ದು, ಎಲ್ಲಾ ಮೊದಲನೆಯದು. ಪಿಜೆ ಬಡಾವಣೆಯವರ ಮಗಳ "ನಿಂಗೆ ಅರ್ಥ ಆಗಲ್ಲ" ಇದೆಯಲ್ಲ, ಅದು ಎರಡನೆಯದು.

ಆದರೆ ಇಲ್ಲಿ ಯಾರೂ ಹೇಳದ ಒಂದು ಮಾತಿದೆ. ಭಾಷೆ. ಅದೇ ಸಿಗರೇಟಿನ ಹುಡುಗನನ್ನು ದಾವಣಗೆರೆಗೆ ತಂದು ಕನ್ನಡದಲ್ಲಿ ಮಾತಾಡಿಸಿ ನೋಡಿ. ಬಾಯಲ್ಲಿ ಸಿಗರೇಟು ಇಟ್ಟುಕೊಂಡು ಅಡುಗೆಮನೆಗೆ ಬರುತ್ತಾನೆ. "ಅಜ್ಜೀ, ಇದು ಸಿಗರೇಟಲ್ಲ, ರೂಪಕ." ಅಜ್ಜಿ ಏನಂತಾಳೆ? "ಮೊದ್ಲು ಉಗುಳು ಅದನ್ನ."

ನಗೋದಕ್ಕೆ ಹೇಳಿದ್ದಲ್ಲ ಇದು. ನಮ್ಮಲ್ಲಿ ಮನೆ ಮಾತು ಒಂದು, ಪುಸ್ತಕದ ಮಾತು ಇನ್ನೊಂದು. ಹುಡುಗಿ ದೊಡ್ಡ ಮಾತು ಆಡಬೇಕು ಅಂದರೆ ಮನೆ ಮಾತು ಬಿಟ್ಟು ಪುಸ್ತಕದ ಮಾತಿಗೆ ಹತ್ತಬೇಕು. ಹತ್ತಿದ ಸದ್ದು ಎಲ್ಲರಿಗೂ ಕೇಳಿಸುತ್ತದೆ. "ನನ್ನ ಅಸ್ತಿತ್ವಕ್ಕೆ ಅರ್ಥವೇ ಇಲ್ಲ" ಅಂತ ಕಥೆಯಲ್ಲಿ ಒಂದು ಹುಡುಗಿ ಅಂದರೆ ನಮಗೆ ಟಿವಿ ಧಾರಾವಾಹಿ ನೆನಪಾಗುತ್ತದೆ. ಅದೇ ಮಾತು ಇಂಗ್ಲಿಷಿನಲ್ಲಿ ಇದ್ದರೆ ನಮ್ಮ ಮಕ್ಕಳಿಗೆ ಸಹಜ ಅನಿಸುತ್ತದೆ, ಯಾಕಂದರೆ ಇಂಗ್ಲಿಷೇ ಅವರಿಗೆ ಹಬ್ಬದ ದಿನ ಹಾಕೋ ಬಟ್ಟೆ. ಅದರಲ್ಲಿ ಎಷ್ಟು ಜರಿ ಇದ್ದರೂ ಜಾಸ್ತಿ ಆಯಿತು ಅನಿಸೋದಿಲ್ಲ. ನನ್ನ ಹತ್ತಿರ ಕಥೆ ಬರೆದು ತೋರಿಸೋ ಮಕ್ಕಳು ಇದೇ ಕಾರಣಕ್ಕೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ಬರೆದರೆ ಅವರಿಗೇ ನಗು ಬರುತ್ತದಂತೆ.

ಕುವೆಂಪು ಅವರೂ ಹೀಗೇ ಶುರು ಮಾಡಿದ್ದು ಅಲ್ವಾ. ಮೊದಲನೇ ಪುಸ್ತಕ 'ಬಿಗಿನರ್ಸ್ ಮ್ಯೂಸ್', ಇಂಗ್ಲಿಷ್ ಕವಿತೆಗಳು, 1922. ಆಗ ಅವರಿಗೆ ಹದಿನೇಳು ವರ್ಷ! ಕುಪ್ಪಳಿಯಿಂದ ಬಂದ ಹುಡುಗ ಇಂಗ್ಲಿಷ್ ಕವಿಯಾಗಲು ಹೊರಟಿದ್ದ. ಆಮೇಲೆ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಪದ್ಯ ತೋರಿಸಿದರೆ, ನಿನ್ನ ತಾಯಿನುಡಿಯಲ್ಲಿ ಬರಿ ಅಂದರು. ಆ ಹೊತ್ತಿಗೆ ಹುಡುಗನಿಗೆ ಬೇಜಾರಾಗದೇ ಇರುತ್ತಾ? ನನಗೆ ಅನಿಸೋದು ಕಸಿನ್ಸ್ ಅವತ್ತು ಕೇಳಿದ್ದೂ ಎಡಕ್ಕಾ ಬಲಕ್ಕಾ ಅಂತಲೇ.

ಹತ್ತು_ಹನ್ನೊಂದು_ಪಾನಾ

ಮೇಡಂ ಹೇಳಿದ್ದು ಸರಿ ಇರಬಹುದು, ನಾನು ಅಷ್ಟೆಲ್ಲ ಓದಿಲ್ಲ. ಹಳೇ ಪಿ.ಬಿ. ರೋಡಲ್ಲಿ ಬೈಕ್ ಗ್ಯಾರೇಜು ನಡೆಸ್ತೀನಿ. ಇಲ್ಲಿ ಎಲ್ಲರೂ ಪುಸ್ತಕ ಹಿಡಿದ ಹುಡುಗರ ಬಗ್ಗೆನೇ ಮಾತಾಡ್ತಿದ್ದೀರಲ್ಲ, ಅದಕ್ಕೆ ಬರೀತಿದ್ದೀನಿ.

ನನ್ನ ಹತ್ತಿರ ಒಬ್ಬ ಹುಡುಗ ಇದ್ದಾನೆ. ಹದಿನೆಂಟು ತುಂಬಿದೆ, ಈಗ ತಾನೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಓದಲ್ಲ ಅಂದ. ಕೆಲಸದಲ್ಲಿ ಚುರುಕು. ಎರಡೂ ಕೈ ಆಯಿಲ್ ಗ್ರೀಸ್ ಆಗಿ ಕಪ್ಪಗೆ ಇರ್ತಾವೆ, ಆದರೆ ಎಡಗೈ ಕಿರುಬೆರಳು ಮಾತ್ರ ಕ್ಲೀನು. ಅದನ್ನ ಎಂಜಿನ್‌ಗೆ ತಾಗಿಸೋದೇ ಇಲ್ಲ. ಯಾಕೆ ಅಂದರೆ ಮೊಬೈಲ್ ಸ್ಕ್ರೀನ್ ತಳ್ಳೋಕೆ. ಆ ಕಿರುಬೆರಳಲ್ಲೇ ದಿನಕ್ಕೆ ನಾಲ್ಕು ಸ್ಟೇಟಸ್ ಹಾಕ್ತಾನೆ. ಸಿಂಹ ಯಾವತ್ತೂ ಒಂಟಿ, ನಮ್ಮ ಮೌನಕ್ಕೆ ಬೆಲೆ ಕಟ್ಟೋರು ಹುಟ್ಟಿಲ್ಲ, ಇಂಥವು. ಹಿಂದೆ ಒಂದು ಸ್ಲೋ ಮ್ಯೂಸಿಕ್. ಮೊನ್ನೆ ಸಿಂಹದ ಸ್ಟೇಟಸ್ ಹಾಕಿ ಹತ್ತು ನಿಮಿಷ ಆಗಿಲ್ಲ, "ಅಣ್ಣಾ ಡೇಟಾ ಖಾಲಿ, ಹಾಟ್‌ಸ್ಪಾಟ್ ಆನ್ ಮಾಡಣ್ಣ" ಅಂತ ಬಂದ. ಒಂಟಿ ಸಿಂಹಕ್ಕೆ ನನ್ನ ಹಾಟ್‌ಸ್ಪಾಟ್ ಬೇಕು.

ಇವನೂ ಅದೇ ಹುಡುಗನೇ ಅಲ್ವಾ? ಸಿಗರೇಟಿನೋನಿಗೂ ಇವನಿಗೂ ಏನು ವ್ಯತ್ಯಾಸ? ಅವನಿಗೆ ಸ್ವಂತ ರೂಮಿದೆ, ಪುಸ್ತಕ ಇದೆ, ಅದಕ್ಕೆ ಅವನು ತತ್ವಜ್ಞಾನಿ. ಇವನಿಗೆ ಸಿನಿಮಾ ಡೈಲಾಗ್ ಇದೆ, ಅದಕ್ಕೆ ಇವನು ಪೋಲಿ. ಕಾದಂಬರಿ ಬರೆಯೋರು ಅವನನ್ನೇ ಬರೀತಾರೆ. ನಿಜ ಜೀವನದ ಹುಡುಗರು ಬೇಕು ಅಂದರೆ ಇವನನ್ನೂ ಬರೀಲಿ. ಇವನಿಗೂ ರಾತ್ರಿ ಒಬ್ಬನೇ ಕೂತಾಗ ಏನೋ ಅನಿಸುತ್ತೆ, ಹೇಳೋಕೆ ಮಾತು ಸಿಗಲ್ಲ, ಕೈಗೆ ಸಿಕ್ಕಿದ ಸಿಂಹನ ಎತ್ಕೊಂಡು ಹಾಕ್ತಾನೆ ಅಷ್ಟೇ. ಅವರಪ್ಪ ಹೋಗಿ ಎರಡು ವರ್ಷ ಆಯ್ತು. ಆ ಬಗ್ಗೆ ಒಂದು ಸ್ಟೇಟಸ್ಸೂ ಹಾಕಿಲ್ಲ, ನಾನು ಗಮನಿಸಿದ್ದೀನಿ.

ಕೆಂಪು_ಶಾಯಿ

ಪಾನಾ ಅಣ್ಣಾ, ಕೊನೇ ಸಾಲು ಎರಡು ಸಲ ಓದಿದೆ. ನಾನು ಪುಸ್ತಕದ ಮಾತು ಅಂತ ಬರೆದಾಗ ಸಿನಿಮಾ ಮಾತು ಮರೆತೇ ಬಿಟ್ಟಿದ್ದೆ. ನಮ್ಮ ಹಿಂದಿನ ಬೆಂಚಿನ ಹುಡುಗರು ಮಾತಾಡೋದೂ ಅದನ್ನೇ, ನಾನು ಅದಕ್ಕೆ ಬೈಯುತ್ತೇನೆ, ಕಗ್ಗ ಹೇಳಿದವನಿಗೆ ಬಹುಮಾನ ಕೊಡುತ್ತೇನೆ.

(ಸಿಂಹಗಳು ಗುಂಪಿನಲ್ಲೇ ಇರೋದು. ಒಂಟಿಯಾಗಿ ಇರೋದು ಹುಲಿ. ಹುಡುಗನಿಗೆ ಹೇಳಬೇಡಿ ಪಾಪ.)

ಸೆಕೆಂಡ್_ಪಿಯು_ದುಃಖ

ಎಲ್ಲಾ ದೊಡ್ಡವರೂ ಸೇರಿ ನಮ್ಮ ಬಗ್ಗೆ ಮಾತಾಡ್ತಿದ್ದೀರಿ, ನಮ್ಮಲ್ಲಿ ಒಬ್ಬರನ್ನಾದರೂ ಕೇಳಬಹುದಿತ್ತು. ನನಗೆ 17. ಚಿತ್ರದುರ್ಗ. (ಮೇಲಿನ ಆಂಟಿಯ ಮಗಳಲ್ಲ ನಾನು, ಮೊದಲೇ ಹೇಳಿಬಿಡ್ತೀನಿ.)

ಮೊದಲನೇದು, ಆ ಕಾದಂಬರಿಯ ಇಬ್ಬರಿಗೂ ಕ್ಯಾನ್ಸರ್. ಸಾವಿನ ಬಗ್ಗೆ ಮಾತಾಡದೆ ಮತ್ತೇನು ಮಾತಾಡಬೇಕು ಅವರು, ಕ್ರಿಕೆಟ್ಟಾ? ಅವರು ದೊಡ್ಡ ಮಾತು ಆಡೋದು ಶೋಕಿಗಲ್ಲ, ಹೆದರಿಕೆಗೆ. ಅದು ನನಗೆ ಎರಡನೇ ಸಲ ಓದಿದಾಗ ಗೊತ್ತಾಯ್ತು. ಆಂಟಿ, ನೀವು ಸಿಗರೇಟಿಗೆ ನಕ್ಕಿರಿ. ಮುಂದೆ ಅವನಿಗೆ ಕಾಯಿಲೆ ಜೋರಾಗಿ, ರಾತ್ರಿ ಹೊತ್ತು ಒಬ್ಬನೇ ಸಿಗರೇಟು ತರೋಕೆ ಪೆಟ್ರೋಲ್ ಬಂಕಿಗೆ ಹೋಗಿ ಅಲ್ಲೇ ಕಾರಲ್ಲಿ ಒದ್ದಾಡೋ ಜಾಗ ಇದೆ. ಅಲ್ಲಿ ರೂಪಕನೂ ಇಲ್ಲ, ದೊಡ್ಡ ಮಾತೂ ಇಲ್ಲ, ಅಳು ಮಾತ್ರ. ಅಂದರೆ ಎಡಕ್ಕಾ ಬಲಕ್ಕಾ ಅಂತ ಅಲ್ಲೂ ಕೇಳಿದ್ದಾರೆ ಅಂಕಲ್. ಮೇಷ್ಟ್ರು ಕೇಳಿಲ್ಲ, ಕಾಯಿಲೆ ಕೇಳಿದೆ.

ಎರಡನೇದು, ದೊಡ್ಡವರು ನಮ್ಮ ಬಾಯಿಗೆ ಮಾತು ತುರುಕುತ್ತಾರೆ ಅನ್ನೋದು. ಎಸ್.ಇ. ಹಿಂಟನ್ 'ದಿ ಔಟ್‌ಸೈಡರ್ಸ್' ಶುರು ಮಾಡಿದಾಗ ಅವಳಿಗೆ 15. 1967ರಲ್ಲಿ ಪುಸ್ತಕ ಬಂದಾಗ 18. ಅದರಲ್ಲಿ ಹೊಡೆದಾಡೋ ಗ್ಯಾಂಗಿನ ಹುಡುಗ, 14 ವರ್ಷ, ಪಾಳು ಚರ್ಚ್‌ನಲ್ಲಿ ಅಡಗಿಕೊಂಡಿದ್ದಾಗ ಬೆಳಗಾಗೋದನ್ನ ನೋಡ್ತಾ ರಾಬರ್ಟ್ ಫ್ರಾಸ್ಟ್ ಪದ್ಯ ಪೂರ್ತಿ ಹೇಳ್ತಾನೆ. ಇದನ್ನ ಬರೆದವಳು ನನ್ನ ವಯಸ್ಸಿನವಳೇ. ಅಂದರೆ ನಾವೇ ನಮ್ಮನ್ನ ಹಾಗೆ ನೋಡ್ತೀವಿ. ನಾವು ಹಾಗೆ ಮಾತಾಡ್ತೀವೋ ಇಲ್ವೋ, ಮಾತಾಡಬೇಕು ಅಂತ ಆಸೆ ಇರೋದಂತೂ ನಿಜ.

ಮೂರನೇದು, ನಮ್ಮ ಊರಿನ ಕೋಟೆಯಲ್ಲೇ ತೆಗೆದ 'ನಾಗರಹಾವು' ನೀವೆಲ್ಲ ಎಷ್ಟು ಸಲ ನೋಡಿದ್ದೀರಿ? 1972ರ ಸಿನಿಮಾ, ನಮ್ಮ ಅಪ್ಪ ಈಗಲೂ ಟಿವಿಲಿ ಬಂದರೆ ಎದ್ದು ಹೋಗಲ್ಲ. ರಾಮಾಚಾರಿನೂ ಕಾಲೇಜು ಹುಡುಗನೇ. ಯಾವ ಕಾಲೇಜು ಹುಡುಗ ಬಂಡೆ ಮೇಲೆ ನಿಂತು ಹಾಡು ಹೇಳ್ತಾನೆ? ಆಗ ಯಾರೂ ಇದು ನಿಜವಾ ಅಂತ ಕೇಳಲಿಲ್ಲ.

ಇನ್ನು ನಾವು ನಿಜಕ್ಕೂ ಹೇಗೆ ಮಾತಾಡ್ತೀವಿ ಅಂತ ಬೇಕಾ? ನಮ್ಮದು ಐದು ಜನರ ವಾಟ್ಸಾಪ್ ಗ್ರೂಪ್. ನಿನ್ನೆ ರಾತ್ರಿ ಸಿಇಟಿ ಕೋಚಿಂಗ್ ಮುಗಿಸಿ, ಊಟ ಮಾಡಿ, 11:40ಕ್ಕೆ ಒಬ್ಬಳು ಬರೆದಳು, ನಾವೆಲ್ಲ ಬೇರೆಯವರ ಕನಸಿಗೆ ಓದ್ತಿದ್ದೀವಿ ಅನಿಸಲ್ವಾ ಅಂತ. ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಎಲ್ಲರೂ ಓದಿದ್ದಾರೆ, ನೀಲಿ ಟಿಕ್ ಬಂದಿದೆ. ಆಮೇಲೆ ಇನ್ನೊಬ್ಬಳು "ಹೂಂ ಕಣೇ" ಅಂದಳು. ಆಮೇಲೆ ನಾನು "ಫಿಸಿಕ್ಸ್ ರೆಕಾರ್ಡ್ ಮೂರನೇ ಎಕ್ಸ್‌ಪೆರಿಮೆಂಟ್ ಫೋಟೋ ಕಳ್ಸು" ಅಂದೆ. ಎರಡೂ ನಾವೇ. ನೀವು ಎರಡನೇದು ಮಾತ್ರ ನಿಜ ಅಂತೀರಿ.

ಏಳುಸುತ್ತಿನ_ಕೋಟೆ

ತಂಗೀ, ಪೆಟ್ರೋಲ್ ಬಂಕ್ ನಾನು ಮರೆತಿದ್ದೆ. ಒಪ್ಪಿದೆ. ಆದರೆ ಒಂದು ಮಾತು ನೋಡು. ನೀನು ಈಗ ಹೇಳಿದೆಯಲ್ಲ, ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ, ಆಮೇಲೆ "ಹೂಂ ಕಣೇ". ಇದು ಯಾವ ಕಾದಂಬರಿಯಲ್ಲಿದೆ? ಅಲ್ಲಿ ಆಗಿದ್ದರೆ ಆ ನಾಲ್ಕೂ ಜನ ಕನಸಿನ ಬಗ್ಗೆ ಒಂದೊಂದು ಪ್ಯಾರಾ ಹೇಳುತ್ತಿದ್ದರು. ನನಗೆ ಬೇಕಾಗಿರೋದು ಆ "ಹೂಂ ಕಣೇ". ಅದನ್ನು ನೀನೇ ಬರಿ, ಕನ್ನಡದಲ್ಲೇ ಬರಿ, ಕೆಂಪು ಶಾಯಿ ಮೇಡಂ ತಿದ್ದುತ್ತಾರೆ.

ರಾಮಾಚಾರಿ ಬಗ್ಗೆ ಮಾತ್ರ ಏನೂ ಅನ್ನಬೇಡ. ದುರ್ಗದಲ್ಲಿ ಹುಟ್ಟಿ ಅವನ ಮೇಲೆ ಕೈ ಮಾಡಬಾರದು.

ಸೆಕೆಂಡ್_ಪಿಯು_ದುಃಖ

ನೋಡಿ, ರಾಮಾಚಾರಿಗೆ ವಿನಾಯಿತಿ 🙄

ಬರೀತೀನಿ ಅಂಕಲ್, ಸಿಇಟಿ ಆಗಲಿ.

ಪಿಜೆ_ಬಡಾವಣೆ_ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಪಾನಾ ಅಣ್ಣ ಬರೆದದ್ದು ಓದಿ ಒಂದು ದಿನ ಪೂರ್ತಿ ತಲೆಯಲ್ಲಿತ್ತು.

ನಿನ್ನೆ ಹರಿಹರದಲ್ಲಿರೋ ನಮ್ಮ ಅವ್ವನಿಗೆ ಫೋನ್ ಮಾಡಿದಾಗ ಸುಮ್ನೆ ಈ ವಿಷಯ ಹೇಳಿದೆ, ಮೊಮ್ಮಗಳು ಹೀಗೆ ಹೀಗೆ ಅಂತ. ಅವ್ವ ನಕ್ಕು "ನೀನು ಮೌನವ್ರತ ಮಾಡಿದ್ದು ಮರ್ತೆಯೇನೇ" ಅಂದಳು. ನಿಜವಾಗಲೂ ಮರೆತಿದ್ದೆ. 1994, ನಾನು ಹತ್ತನೇ ಕ್ಲಾಸು. ಯಾವುದೋ ಸಾಧುಗಳ ಪುಸ್ತಕ ಓದಿ, ಮಾತು ಅನ್ನೋದೇ ವ್ಯರ್ಥ ಅಂತ ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅನ್ನ ಹಚ್ಚಿ ಅಂಟಿಸಿದ್ದೆನಂತೆ. ಎರಡು ದಿನ ಮಾತಿಲ್ಲ. ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅದೇ ನನಗೆ ದೊಡ್ಡ ಸಂಕಟ. ಮೂರನೇ ದಿನ ಅಪ್ಪ ದಾವಣಗೆರೆಗೆ ಕರೆದುಕೊಂಡು ಹೋಗಿ ಬೆಣ್ಣೆದೋಸೆ ಕೊಡಿಸಿದರು. ಸಪ್ಲೈಯರ್ ತಟ್ಟೆ ಇಟ್ಟು ಹೋದ. ನನ್ನ ದೋಸೆ ಮೇಲೆ ಬೆಣ್ಣೆ ಇರಲಿಲ್ಲ. ಅಪ್ಪನ ದೋಸೆ ಮೇಲೆ ಇತ್ತು. ಕೈಸನ್ನೆ ಮಾಡಿದೆ, ಅವನು ನೋಡಲಿಲ್ಲ. ಟೇಬಲ್ ತಟ್ಟಿದೆ, ನೋಡಲಿಲ್ಲ. ಕೊನೆಗೆ ಇಡೀ ಹೋಟೆಲ್ ತಿರುಗಿ ನೋಡೋ ಹಾಗೆ "ರೀ, ಬೆಣ್ಣೇ!" ಅಂತ ಕೂಗಿದೆನಂತೆ. ಅಪ್ಪ ತಲೆ ಎತ್ತದೆ ತಿನ್ನುತ್ತಿದ್ದರಂತೆ, ಭುಜ ಮಾತ್ರ ಅಲ್ಲಾಡುತ್ತಿತ್ತಂತೆ.

ಇದನ್ನು ಮಗಳಿಗೆ ಹೇಳಿದೆ. ಒಂದು ನಿಮಿಷ ಗಂಭೀರವಾಗಿ ಕೇಳಿಸಿಕೊಂಡು, "ಆ ಚೀಟಿ ಅಜ್ಜಿ ಹತ್ರ ಇನ್ನೂ ಇದೆಯಾ?" ಅಂದಳು. ಇಲ್ಲ ಅಂದೆ. ಬೇಜಾರು ಮಾಡಿಕೊಂಡಳು. ಇವತ್ತು ಬೆಳಿಗ್ಗೆ ನೋಡಿದರೆ ನನ್ನ ಫೋನಿನಲ್ಲಿ ಅವಳ ನಂಬರಿಂದ ಮೆಸೇಜು: "ರೀ, ಬೆಣ್ಣೇ". ಅದೊಂದೇ. ಮಾತು ಶುರುವಾಗಿದೆ ಅಂತ ಅಂದುಕೊಂಡಿದ್ದೇನೆ.

ಏಳುಸುತ್ತಿನ_ಕೋಟೆ

1994ರಲ್ಲಿ ಹರಿಹರ, ದಾವಣಗೆರೆ ಎರಡೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು ಮೇಡಂ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ಕ್ಕೆ. ಹಾಗಾಗಿ ಆ ಬೆಣ್ಣೆಯ ಕೂಗು ಲೆಕ್ಕಕ್ಕೆ ನಮ್ಮದೇ.

ಹತ್ತು_ಹನ್ನೊಂದು_ಪಾನಾ

ಅಕ್ಕಾ, ಆ ಸಿಗರೇಟಿನ ಪುಸ್ತಕ ನಿಮ್ಮ ಮಗಳು ಓದಿ ಆಗಿದ್ದರೆ ಒಂದು ವಾರಕ್ಕೆ ಕೊಡ್ತೀರಾ? ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಹುಡುಗನಿಗೂ ಅಷ್ಟಕ್ಕಷ್ಟೇ. ಆದ್ರೂ ಮಧ್ಯಾಹ್ನ ಗಿರಾಕಿ ಕಡಿಮೆ ಇರೋ ಹೊತ್ತಲ್ಲಿ ಇಬ್ಬರೂ ಕೂತು ನೋಡ್ತೀವಿ. ಬೈಂಡ್ ಹಾಕಿ ಕೊಡಿ, ಗ್ರೀಸ್ ಆಗುತ್ತೆ.